ಆಡಿದ ನಾಟಕ ಅಚ್ಚಾಗಲಿ

ಕನ್ನಡದಲ್ಲಿ ಹೊಸ ನಾಟಕಗಳಿಗೆ ಬರವಿಲ್ಲ. ಆದರೆ ರಂಗದ ಮೇಲೆ ಗೆದ್ದ ನಾಟಕ ಪುಸ್ತಕವಾಗಿ ಇನ್ನೊಂದು ಊರಿನ ತಂಡದ ಕೈ ಸೇರುವ ದಾರಿ ಕಿರಿದಾಗುತ್ತಿದೆ. ನಾಟಕ ಮತ್ತು ಚಿತ್ರಕಥೆಗಳ ಪ್ರಕಟಣೆ ನಡೆದು ಬಂದ ಹಾದಿ, ಮುಂದೆ ಆಗಬೇಕಾದ ಕೆಲಸ – ಈ ಸಂಚಿಕೆಯ ವಿಶೇಷ ಲೇಖನ.

ನಾಟಕಕಾರ ಸಂಸರು ಇಪ್ಪತ್ತಕ್ಕೂ ಹೆಚ್ಚು ನಾಟಕ ಬರೆದಿದ್ದರು ಎಂಬ ಮಾತು ನಮ್ಮ ಸಾಹಿತ್ಯ ವಲಯದಲ್ಲಿ ಹಿಂದಿನಿಂದಲೂ ಇದೆ. ನಮಗೆ ದಕ್ಕಿದ್ದು ಆರು. ಮೈಸೂರು ಅರಸರ ಚರಿತ್ರೆಯನ್ನು ಸಾಲು ನಾಟಕಗಳಲ್ಲಿ ಕಟ್ಟಲು ಹೊರಟಿದ್ದ ಆ ಅಲೆಮಾರಿ ಪ್ರತಿಭೆ 1939ರಲ್ಲಿ ತೀರಿಕೊಂಡಿತು. ಅಚ್ಚಾಗದ ಹಸ್ತಪ್ರತಿಗಳು ದಿಕ್ಕಾಪಾಲಾದವು. 'ವಿಗಡ ವಿಕ್ರಮರಾಯ' ಉಳಿದಿದ್ದರಿಂದ ಆ ಹಳಗನ್ನಡದ ಗತ್ತು, ಅರಮನೆಯ ಒಳಸಂಚನ್ನು ಬರೀ ಮಾತಿನಲ್ಲೇ ಕಟ್ಟಿಕೊಡುವ ಕಸುವು ನಮಗೆ ಗೊತ್ತು. ಉಳಿದವುಗಳಲ್ಲಿ ಎಂಥೆಂಥ ಪಾತ್ರಗಳಿದ್ದವೋ, ಇನ್ನು ಯಾರೂ ಹೇಳಲಾರರು.

ಕೈಲಾಸಂ ಅವರ ನಾಟಕಗಳಿಗೂ ಇದೇ ಗತಿ ಬರಬಹುದಿತ್ತು. ನಾಟಕ ಅವರ ತಲೆಯಲ್ಲೂ ನಾಲಗೆಯ ಮೇಲೂ ಇರುತ್ತಿತ್ತು. ಗೆಳೆಯರ ನಡುವೆ ಕೂತರೆ ಎಲ್ಲ ಪಾತ್ರಗಳನ್ನೂ ತಾವೇ ಆಡಿಬಿಡುತ್ತಿದ್ದರು. ಕೂತು ಕಾಗದಕ್ಕಿಳಿಸುವ ವ್ಯವಧಾನ ಮಾತ್ರ ಇರಲಿಲ್ಲ. ಅವರು ಹೇಳುತ್ತಾ ಹೋದದ್ದನ್ನು ಹತ್ತಿರದವರು ಪಟ್ಟು ಹಿಡಿದು ಬರೆದುಕೊಂಡರು. ಆ ಶ್ರದ್ಧೆಯಿಂದಲೇ ಇವತ್ತಿಗೂ ಶಾಲಾ ವಾರ್ಷಿಕೋತ್ಸವದಲ್ಲಿ 'ಟೊಳ್ಳುಗಟ್ಟಿ' ಆಡಲು ಸಾಧ್ಯವಾಗಿದೆ.

ನಾಟಕ ಬದುಕುವುದು ರಂಗದ ಮೇಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲು ಆಡಿದ ತಂಡ ಚದುರಿದ ಮೇಲೆ, ನಿರ್ದೇಶಕರು ಬೇರೆ ಕೆಲಸ ಹಿಡಿದ ಮೇಲೆ, ಕಾಣದ ಊರಿನ ಕಾಣದ ನಟನಿಗೆ ಆ ನಾಟಕವನ್ನು ದಾಟಿಸಬಲ್ಲದ್ದು ಅಚ್ಚಾದ ಪ್ರತಿಯೊಂದೇ. ಹೊಸ ನಾಟಕ ಬರೆಯುವುದು ಎಷ್ಟು ಮುಖ್ಯವೋ, ಬರೆದು ಆಡಿದ್ದನ್ನು ಮತ್ತೊಬ್ಬರು ಆಡಬಲ್ಲ ಪುಸ್ತಕವಾಗಿ ಮಾಡುವುದೂ ಅಷ್ಟೇ ಮುಖ್ಯ. ಈ ಎರಡನೆಯ ಕೆಲಸ ನಮ್ಮಲ್ಲಿ ಹಿಂದೆ ಬಿದ್ದಿದೆ.

ಧಾರವಾಡದ ಅಟ್ಟದಿಂದ ದೆಹಲಿಯ ಕೋಟೆಗೆ

1933ರಲ್ಲಿ ಜಿ.ಬಿ. ಜೋಶಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ಓದುಗರು ವರ್ಷಕ್ಕಿಷ್ಟು ಎಂದು ಚಂದಾ ಕಟ್ಟುವುದು, ವರ್ಷದ ಪುಸ್ತಕಗಳು ಅವರ ಮನೆಗೆ ಬರುವುದು – ಇದು ಅವರು ಕಂಡುಕೊಂಡ ದಾರಿ. ಚಂದಾದಾರರನ್ನು ನಂಬಿ ಅವರು ಹೊಸಬರ ಪುಸ್ತಕಕ್ಕೆ ಕೈ ಹಾಕಬಲ್ಲವರಾದರು. 'ಜಡಭರತ' ಎಂಬ ಹೆಸರಿನಲ್ಲಿ ಸ್ವತಃ ನಾಟಕ ಬರೆದವರು ಜೋಶಿ. 'ಸತ್ತವರ ನೆರಳು' ಅವರದೇ. ಗ್ರಂಥಮಾಲೆಯ ಕಚೇರಿಯಿದ್ದ ಹೆಸರಾಂತ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರು ಜೊತೆಗಿದ್ದರು.

ಆಕ್ಸ್‌ಫರ್ಡ್‌ಗೆ ಹೊರಟು ನಿಂತಿದ್ದ ತರುಣ ಗಿರೀಶ ಕಾರ್ನಾಡರು ಬರೆದ 'ಯಯಾತಿ' 1961ರಲ್ಲಿ ಹೊರಬಂದದ್ದು ಈ ಅಟ್ಟದಿಂದಲೇ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕಗಳಿಲ್ಲ ಎಂದ ಕುರ್ತಕೋಟಿಯವರ ಮಾತು ತಮ್ಮನ್ನು ಇತಿಹಾಸದ ಕಡೆ ತಿರುಗಿಸಿತು ಎಂದು ಕಾರ್ನಾಡರೇ ನೆನೆದಿದ್ದಾರೆ. ಅದರ ಫಲ 1964ರ 'ತುಘಲಕ್'. ಮುಂದೆ ಬಿ.ವಿ. ಕಾರಂತರು ಅದನ್ನು ಹಿಂದೂಸ್ತಾನಿಗೆ ತಂದರು, ರಾಷ್ಟ್ರೀಯ ನಾಟಕ ಶಾಲೆ ಆಡಿತು, ಇಬ್ರಾಹಿಂ ಅಲ್ಕಾಝಿ ದೆಹಲಿಯ ಪುರಾನಾ ಕಿಲಾದ ಗೋಡೆಗಳ ನಡುವೆ ಅದನ್ನು ಕಟ್ಟಿ ನಿಲ್ಲಿಸಿದರು. ಕನ್ನಡದಲ್ಲಿ ಸಿ.ಆರ್. ಸಿಂಹ ಅವರ ತುಘಲಕ್ ಮನೆಮಾತಾಯಿತು. ಈ ಸರಪಳಿಯ ಮೊದಲ ಕೊಂಡಿ ಧಾರವಾಡದ ಪ್ರಕಾಶಕರು ಅಚ್ಚು ಹಾಕಿದ ಒಂದು ಕನ್ನಡ ಪುಸ್ತಕ.

ಪ್ರಕಾಶಕ ಎಂದರೆ ಹಸ್ತಪ್ರತಿ ಇಸಿದುಕೊಂಡು ಮುದ್ರಣಕ್ಕೆ ಕಳಿಸುವವರು ಎಂಬ ಲೆಕ್ಕ ಅಲ್ಲಿ ಇರಲಿಲ್ಲ. ನಾಟಕಕಾರನ ಜೊತೆ ವಾದಿಸುವುದು, ಮುಂದಿನ ನಾಟಕಕ್ಕೆ ಕೆಣಕುವುದು, ಬರೆದದ್ದನ್ನು ಓದಿಸಿ ಕೇಳುವುದು ಎಲ್ಲವೂ ಪ್ರಕಟಣೆಯ ಭಾಗವಾಗಿತ್ತು.

ಕಾದು ಗೆದ್ದ ಪುಸ್ತಕಗಳು

ಪು.ತಿ.ನ. ಅವರ 'ಗೋಕುಲ ನಿರ್ಗಮನ' ಗೀತನಾಟಕ 1940ರ ದಶಕದ ಪುಸ್ತಕ. ಓದಲು ಸೊಗಸು, ಆಡಲು ಆಗದು ಎಂದು ದಶಕಗಳ ಕಾಲ ಪಕ್ಕಕ್ಕಿಟ್ಟಿದ್ದರು. 1990ರ ದಶಕದಲ್ಲಿ ಬಿ.ವಿ. ಕಾರಂತರು ನೀನಾಸಂ ನಟರ ಜೊತೆ ಅದನ್ನು ಕೈಗೆತ್ತಿಕೊಂಡು ಹಾಡಿಗೆ ಹೆಜ್ಜೆ ಕೂಡಿಸಿದಾಗ, ಈ ನಾಟಕ ರಂಗಕ್ಕೆ ಒದಗದು ಎಂಬ ಮಾತೇ ಸುಳ್ಳಾಯಿತು. ಬರೆದ ಕಾಲದಲ್ಲಿ ತಕ್ಕ ನಿರ್ದೇಶಕ ಸಿಗದ ನಾಟಕ ಮುಂದಿನ ತಲೆಮಾರಿಗಾಗಿ ಕಾಯಬೇಕಾದರೆ ಅದು ಪುಸ್ತಕದೊಳಗೆ ಕೂತು ಕಾಯಬೇಕು.

ನೀನಾಸಂನ ಊರಾದ ಹೆಗ್ಗೋಡು ಇದನ್ನು ಚೆನ್ನಾಗಿ ಅರಿತಿತ್ತು. ಕೆ.ವಿ. ಸುಬ್ಬಣ್ಣನವರು ನೀನಾಸಂ ಕಟ್ಟುತ್ತಲೇ ಅಕ್ಷರ ಪ್ರಕಾಶನವನ್ನೂ ಕಟ್ಟಿದರು. 1985ರಲ್ಲಿ ಶುರುವಾದ ನೀನಾಸಂನ ಸಂಚಾರಿ ತಂಡ 'ತಿರುಗಾಟ' ಊರೂರಿಗೆ ನಾಟಕ ಒಯ್ದಾಗ ಪುಸ್ತಕಗಳೂ ಜೊತೆಗೆ ಹೋದವು. ಷೇಕ್ಸ್‌ಪಿಯರ್, ಬ್ರೆಕ್ಟ್, ಕಾಳಿದಾಸ, ಹೊಸ ಕನ್ನಡ ನಾಟಕ ಎಲ್ಲವನ್ನೂ ರಂಗದ ಮಾತಿಗೆ ಒಗ್ಗುವ ಕನ್ನಡದಲ್ಲಿ ಅಚ್ಚು ಹಾಕುವ ಕೆಲಸ ಅಲ್ಲಿ ನಡೆಯಿತು. ರಾತ್ರಿ ನೋಡಿದ ನಾಟಕವನ್ನು ಬೆಳಿಗ್ಗೆ ಓದಬಹುದಾದ ಭಾಗ್ಯ ಸಣ್ಣದಲ್ಲ.

ಇನ್ನೊಂದು ಲೋಕವನ್ನು ಮರೆಯಬಾರದು. ಮಂಡ್ಯ, ತುಮಕೂರು ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ'ದಂಥ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಮುಂದೆ ಇರುವುದು ಅಗ್ಗದ ಕಾಗದದ ಅಚ್ಚು ಪುಸ್ತಕ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಆಡುವ ಸಾಮಾಜಿಕ ನಾಟಕಗಳೂ ಹೀಗೇ ಪುಸ್ತಕದ ಬಲದಿಂದ ಊರಿಂದೂರಿಗೆ ಹಬ್ಬುತ್ತವೆ. ವಿಮರ್ಶಕರು ಇವನ್ನು ತಿರುಗಿ ನೋಡಲಿಲ್ಲ. ಆದರೂ ನಾಟಕದ ಪುಸ್ತಕ ಯಾಕಾಗಿ ಇರುತ್ತದೆ ಎಂಬುದು ಆ ಹಳ್ಳಿಯ ನಟರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಜೆರಾಕ್ಸ್ ಪ್ರತಿಯಲ್ಲಿರುವ ನಾಟಕ

ಇಂದಿನ ಯಾವುದೇ ಹವ್ಯಾಸಿ ತಂಡದ ತಾಲೀಮಿಗೆ ಹೋಗಿ ನಟರ ಕೈಯಲ್ಲಿರುವ ಸ್ಕ್ರಿಪ್ಟನ್ನು ಹತ್ತಿರದಿಂದ ನೋಡಿ. ಸ್ಪೈರಲ್ ಬೈಂಡು ಮಾಡಿದ ಜೆರಾಕ್ಸ್ ಪ್ರತಿ. ಡಿಟಿಪಿ ತಪ್ಪುಗಳ ಮೇಲೆ ಪೆನ್ನಿನ ತಿದ್ದುಪಡಿ. ಮೂರು ಸಾಲಿನ ಮಾತಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದ ಒಂದೇ ಪದ. ಆ ಪದ ನಟಿಯ ಬಾಯಲ್ಲಿ ತಾನಾಗಿ ಹುಟ್ಟಿದ್ದು, ನಾಟಕಕಾರರು ಒಪ್ಪಿ ಉಳಿಸಿಕೊಂಡದ್ದು. 'ಎಡದಿಂದ ಎಂಟ್ರಿ', 'ಇಲ್ಲಿ ನಿಲ್ಲು', 'ದೀಪ ಇಳಿದ ಮೇಲೆ ಹಾಡು' ಎಂಬ ಗುರುತುಗಳು. ಒಂದು ದೃಶ್ಯ ಪೂರ್ತಿ ಕಿತ್ತುಹೋಗಿ ಹೊಸ ಹಾಳೆ ಸೇರಿದೆ. ನಾಟಕ ನಿಜವಾಗಿ ಪೂರ್ಣಗೊಂಡಿರುವುದು ಈ ಪ್ರತಿಯಲ್ಲಿ. ಪ್ರದರ್ಶನಗಳು ಮುಗಿದ ಮೇಲೆ ಇದು ಯಾರದೋ ಚೀಲದಲ್ಲಿ ಉಳಿಯುತ್ತದೆ. ಮುಂದೊಂದು ದಿನ ನಾಟಕ ಪುಸ್ತಕವಾದರೂ ಅಚ್ಚಿಗೆ ಹೋಗುವುದು ಲೇಖಕರ ಕಂಪ್ಯೂಟರಿನಲ್ಲಿದ್ದ ಮೊದಲ ಕರಡು. ರಂಗ ಕಲಿಸಿದ ಪಾಠವೆಲ್ಲ ಅಲ್ಲಿಂದ ಬಿಟ್ಟುಹೋಗಿರುತ್ತದೆ.

ಇಂದಿನ ನಾಟಕ ರಚನೆಯ ಬಗೆಯೇ ಬದಲಾಗಿರುವಾಗ ಈ ನಷ್ಟ ಇನ್ನೂ ದೊಡ್ಡದು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗರೂಪಕ್ಕೆ ತಂದರು, ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಅದನ್ನು ರಾತ್ರಿಯಿಡೀ ನಡೆಯುವ ಪ್ರಯೋಗವಾಗಿ ಕಟ್ಟಿದರು. ಕೆ.ಬಿ. ಸಿದ್ದಯ್ಯನವರ ಕಾವ್ಯವನ್ನು ಆಧರಿಸಿ ಕೆ.ಪಿ. ಲಕ್ಷ್ಮಣ್ ನಿರ್ದೇಶಿಸಿದ 'ದಕ್ಲಕಥಾ ದೇವಿಕಾವ್ಯ'ದಲ್ಲಿ ಅರೆ, ತಮಟೆಗಳ ಬಡಿತಕ್ಕೆ ಮಾತಿನಷ್ಟೇ ಅರ್ಥವಿದೆ. ಇಂಥ ಕೃತಿಗಳಲ್ಲಿ ಪಠ್ಯ ಎಂದರೆ ಸಂಭಾಷಣೆ ಮಾತ್ರವಲ್ಲ. ಹಾಡಿನ ಮಟ್ಟು, ಬಡಿತದ ಗತಿ, ನಟರು ನಿಲ್ಲುವ ಜಾಗ ಎಲ್ಲವೂ ಸೇರಿಯೇ ಪಠ್ಯ. ಬರೀ ಮಾತನ್ನು ಅಚ್ಚು ಹಾಕಿದರೆ ಅರ್ಧ ನಾಟಕವನ್ನು ಕಳೆದುಕೊಂಡಂತೆ.

ಪುಟದ ಲೆಕ್ಕದಲ್ಲಿ ಸೋಲುವ ಪುಸ್ತಕ

ಪ್ರಕಾಶಕರನ್ನು ದೂರುವುದು ಸುಲಭ. ಅವರ ಕಷ್ಟವನ್ನೂ ನೋಡಬೇಕು. ನಾಟಕದ ಪುಸ್ತಕ ಸಾಮಾನ್ಯವಾಗಿ ತೆಳ್ಳಗಿನದು. ಕಪಾಟಿನಲ್ಲಿ ನಿಲ್ಲಿಸಿದರೆ ಬೆನ್ನಿನ ಮೇಲೆ ಹೆಸರು ಅಚ್ಚಿಸುವಷ್ಟೂ ಜಾಗ ಇರುವುದಿಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಪುಟದ ಲೆಕ್ಕದಲ್ಲಿ ನಡೆಯುವುದರಿಂದ ದಪ್ಪ ಕಾದಂಬರಿಗೆ ಸಿಗುವ ಹಣ ಎಂಬತ್ತು ಪುಟದ ನಾಟಕಕ್ಕೆ ಸಿಗುವುದಿಲ್ಲ. ಕರಡು ತಿದ್ದುವ, ಮುಖಪುಟ ಮಾಡಿಸುವ ಶ್ರಮ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಪದವಿ ತರಗತಿಗೆ ಪಠ್ಯವಾದರೆ ನಾಟಕ ಬಿಕರಿಯಾಗುತ್ತದೆ, ಇಲ್ಲದಿದ್ದರೆ ಪ್ರತಿಗಳು ಗೋದಾಮಿನಲ್ಲೇ ಉಳಿಯುತ್ತವೆ. ಕನ್ನಡದ ನಾಟಕಗಳು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟಿವೆ. 1991ರಲ್ಲಿ ಚಂದ್ರಶೇಖರ ಕಂಬಾರರ 'ಸಿರಿಸಂಪಿಗೆ', 1994ರಲ್ಲಿ ಕಾರ್ನಾಡರ 'ತಲೆದಂಡ'. ಇಬ್ಬರೂ ಜ್ಞಾನಪೀಠ ಪುರಸ್ಕೃತರು. ಅಂಥ ಪ್ರಕಾರಕ್ಕೆ ಪುಸ್ತಕದ ಅಂಗಡಿಯಲ್ಲಿ ಕೆಳಗಿನ ಮೂಲೆ ಸಿಗುವುದು ನ್ಯಾಯವಲ್ಲ.

ಬೇರೆಯವರು ಇದಕ್ಕೆ ದಾರಿ ಹುಡುಕಿಕೊಂಡಿದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಆರಂಭವಾದ ಸ್ಯಾಮ್ಯುಯೆಲ್ ಫ್ರೆಂಚ್ ಸಂಸ್ಥೆ ತಂದ ಪ್ರಯೋಗ ಆವೃತ್ತಿಗಳಲ್ಲಿ ನಾಟಕದ ಕೊನೆಗೆ ರಂಗಪರಿಕರಗಳ ಪಟ್ಟಿ, ವೇಷಭೂಷಣದ ವಿವರ, ರಂಗದ ನಕ್ಷೆ ಇರುತ್ತವೆ. ಆಡಲು ಹೊರಟ ಸಣ್ಣ ಊರಿನ ತಂಡಕ್ಕೆ ಬೇಕಾದ್ದು ಅದೇ. 1988ರಲ್ಲಿ ಲಂಡನ್ನಿನಲ್ಲಿ ಶುರುವಾದ ನಿಕ್ ಹರ್ನ್ ಬುಕ್ಸ್ ನಾಟಕ ಮಾರುವುದರ ಜೊತೆಗೆ ಹವ್ಯಾಸಿ ತಂಡಗಳಿಗೆ ಪ್ರಯೋಗದ ಪರವಾನಗಿಯನ್ನೂ ಕೊಡುತ್ತದೆ. ಪ್ರಕಾಶಕರಿಗೂ ಲೇಖಕರಿಗೂ ಎರಡೂ ಕಡೆಯಿಂದ ಆದಾಯ. ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಹೊಸ ನಾಟಕ ತೆರೆ ಕಾಣುವ ಹೊತ್ತಿಗೇ ಪುಸ್ತಕವೂ ಮಾರಾಟಕ್ಕಿರುತ್ತದೆ. ತಾಲೀಮು ಮುಗಿಯುವ ಮುನ್ನವೇ ಅಚ್ಚಿಗೆ ಹೋದ ಪಠ್ಯವಿದು, ಪ್ರದರ್ಶನದಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು ಎಂಬ ಸೂಚನೆ ಇಂಥ ಪುಸ್ತಕಗಳಲ್ಲಿ ಸಾಮಾನ್ಯ. ಪುಸ್ತಕ ಮತ್ತು ರಂಗ ಒಂದನ್ನೊಂದು ಬಲ್ಲವು ಎಂಬುದಕ್ಕೆ ಅದೊಂದು ಗುರುತು.

ಕೇಳಿ ಆಡುವ ಸಂಸ್ಕೃತಿ

ಕಂಪನಿ ನಾಟಕದ ಕಾಲದಲ್ಲಿ ಮಾಲೀಕರು ನಾಟಕದ ಕೈಬರಹದ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿದ್ದರು. ಬೇರೆ ಕಂಪನಿ ಕದ್ದು ಆಡಿಬಿಟ್ಟೀತು ಎಂಬ ಭಯ. ಜನರಿಗೆ ಸಿಗುತ್ತಿದ್ದದ್ದು ಹಾಡಿನ ಪುಸ್ತಕವಷ್ಟೇ. ಈಗ ನಾಟಕದ ಪಿಡಿಎಫ್ ಒಂದು ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತದೆ. ಎಲ್ಲೋ ಪ್ರದರ್ಶನವಾದದ್ದು ಬರೆದವರಿಗೇ ತಿಳಿಯುವುದಿಲ್ಲ. ಎರಡರಲ್ಲೂ ಪೆಟ್ಟು ಬೀಳುವುದು ನಾಟಕಕಾರರಿಗೆ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಾಟಕದ ಮೇಲಿನ ಹಕ್ಕು ಲೇಖಕರ ಜೀವಿತಾವಧಿಗೂ ಅವರ ನಂತರ 60 ವರ್ಷಕ್ಕೂ ಇರುತ್ತದೆ. ಪುಸ್ತಕ ಕೊಂಡ ಮಾತ್ರಕ್ಕೆ ಆಡುವ ಹಕ್ಕು ಬರುವುದಿಲ್ಲ. ಟಿಕೆಟ್ಟಿಲ್ಲದೆ ನೋಡುವ ಪ್ರೇಕ್ಷಕರ ಮುಂದೆ ಹವ್ಯಾಸಿ ಸಂಘ ಆಡುವ ನಾಟಕಕ್ಕೆ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡುವ ನಾಟಕಕ್ಕೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ಊರ ಹಬ್ಬದ ನಾಟಕಗಳಿಗೆ ಇದರಿಂದ ಧೈರ್ಯ. ಟಿಕೆಟ್ ಇಟ್ಟು ಆಡುವ ತಂಡ ಮಾತ್ರ ಕೇಳಿಯೇ ಆಡಬೇಕು, ಗೌರವಧನ ಕೊಡಬೇಕು. ಬೆಳಕಿನವರಿಗೆ, ಧ್ವನಿಯವರಿಗೆ, ಸಭಾಂಗಣಕ್ಕೆ ಬಜೆಟ್ಟಿನಲ್ಲಿ ಜಾಗ ಇರುವಾಗ ನಾಟಕ ಬರೆದವರಿಗೂ ಒಂದು ಸಾಲು ಇರಲೇಬೇಕು.

ಚಿತ್ರಕಥೆಯ ಖಾಲಿ ಕಪಾಟು

ಚಿತ್ರಕಥೆಯ ವಿಷಯದಲ್ಲಿ ನಮ್ಮ ಕೊರತೆ ಇನ್ನೂ ಹೆಚ್ಚು. ಮಲಯಾಳದಲ್ಲಿ ಎಂ.ಟಿ. ವಾಸುದೇವನ್ ನಾಯರ್ ಅವರ ಚಿತ್ರಕಥೆಗಳನ್ನು ಜನ ಕಾದಂಬರಿಯಂತೆ ಕೊಂಡು ಓದುತ್ತಾರೆ. ಅತ್ಯುತ್ತಮ ಚಿತ್ರಕಥೆಗೆ ನಾಲ್ಕು ಸಲ ರಾಷ್ಟ್ರಪ್ರಶಸ್ತಿ ಪಡೆದ ಅವರು ಅದನ್ನೂ ಸಾಹಿತ್ಯವಾಗಿ ನಿಲ್ಲಿಸಿದರು. ಸತ್ಯಜಿತ್ ರಾಯ್ ಅವರ ಚಿತ್ರಕಥೆಗಳು ಬಂಗಾಳಿಯ 'ಏಕ್ಷಣ' ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. 1982ರಲ್ಲಿ ಕೋಲ್ಕತ್ತಾದಲ್ಲಿ ಹುಟ್ಟಿದ ಸೀಗಲ್ ಬುಕ್ಸ್ ಭಾರತದ ಹೊಸ ನಾಟಕಗಳ ಜೊತೆ ಚಿತ್ರಕಥೆಗಳನ್ನೂ ಇಂಗ್ಲಿಷಿನಲ್ಲಿ ತಂದಿತು. ಕಂಬಾರರ 'ಜೋಕುಮಾರಸ್ವಾಮಿ' ಹೊರಗಿನ ಓದುಗರಿಗೆ ಸಿಕ್ಕಿದ್ದು ಹಾಗೆ.

ಕನ್ನಡಕ್ಕೆ 'ಸಂಸ್ಕಾರ', 'ಘಟಶ್ರಾದ್ಧ'ದಿಂದ ಲೊಕಾರ್ನೊದಲ್ಲಿ ಗೆದ್ದ 'ತಿಥಿ'ಯವರೆಗೆ ಹೆಮ್ಮೆಪಡುವ ಚಿತ್ರಪರಂಪರೆಯಿದೆ. ಒಂದು ಸಣ್ಣಕತೆ ದೃಶ್ಯಗಳಾಗಿ ಹೇಗೆ ಒಡೆಯಿತು, ಎಲ್ಲಿ ಮಾತು ನಿಂತು ನೋಟ ಶುರುವಾಯಿತು ಎಂಬುದನ್ನು ಕಲಿಯಲು ಚಿತ್ರಕಥೆಯ ಓದಿಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಸಿನಿಮಾಕ್ಕೆ ಬರೆಯಬೇಕೆಂದಿರುವ ರಾಯಚೂರಿನ ಹುಡುಗಿ ಇದನ್ನು ಇಂಗ್ಲಿಷ್ ಪುಸ್ತಕದಿಂದಲೇ ಕಲಿಯಬೇಕಾದ ಸ್ಥಿತಿ ಹೋಗಬೇಕು.

ಆಗಬೇಕಾದ್ದೇನು?

ಇವು ಯಾವುವೂ ಕೈಗೆಟುಕದ ಕೆಲಸಗಳಲ್ಲ. ನಾಟಕವನ್ನು ಕೆಲವು ಪ್ರದರ್ಶನಗಳಾದ ಮೇಲೆ, ತಾಲೀಮಿನ ಪ್ರತಿಯನ್ನು ಮುಂದಿಟ್ಟುಕೊಂಡು ಅಂತಿಮಗೊಳಿಸಿ ಅಚ್ಚು ಹಾಕಲಿ. ಮೊದಲ ಪ್ರಯೋಗದ ದಿನಾಂಕ, ತಂಡ, ನಟರು, ಸಂಗೀತ ಮಾಡಿದವರ ಹೆಸರು ಇರಲಿ. ಹಾಡಿನ ಮಟ್ಟು ಕೇಳಲು ಒಂದು ಕ್ಯೂಆರ್ ಕೋಡ್ ಸಾಕು. ಎಷ್ಟು ನಟರು ಬೇಕು, ಎಷ್ಟು ಹೊತ್ತಿನ ನಾಟಕ, ಪರಿಕರಗಳೇನು ಎಂಬುದು ಒಂದು ಪುಟದಲ್ಲಿ ಸಿಗಲಿ. ಆಡಲು ಯಾರನ್ನು ಕೇಳಬೇಕು, ಗೌರವಧನ ಎಷ್ಟು ಎಂಬುದು ಸ್ಪಷ್ಟವಾಗಿ ಅಚ್ಚಾಗಲಿ. ಸಗಟು ಖರೀದಿಯಲ್ಲಿ ನಾಟಕ, ಚಿತ್ರಕಥೆಗಳಿಗೆ ಪುಟದ ಲೆಕ್ಕ ಬಿಟ್ಟು ಬೇರೆ ಮಾನದಂಡ ಬರಲಿ. ಪ್ರದರ್ಶನಕ್ಕೆ ಧನಸಹಾಯ ಕೊಡುವ ಅಕಾಡೆಮಿ, ಇಲಾಖೆಗಳು ಪಠ್ಯದ ಪ್ರಕಟಣೆಗೂ ಅದರಲ್ಲೊಂದು ಪಾಲು ಮೀಸಲಿಡಲಿ. ವಿಶೇಷಾಂಕಗಳಲ್ಲಿ ಕತೆ, ಕವಿತೆಗಳ ಸಾಲಿನಲ್ಲಿ ಒಂದು ಏಕಾಂಕಕ್ಕೂ ಜಾಗ ಸಿಗಲಿ.

ಜಿ.ಬಿ. ಜೋಶಿಯವರು ಹಣವಂತರಾಗಿದ್ದಕ್ಕೆ ಈ ಕೆಲಸಕ್ಕೆ ಇಳಿದವರಲ್ಲ. ಚಂದಾದಾರರನ್ನು ಒಬ್ಬೊಬ್ಬರಾಗಿ ಕೂಡಿಸಿಕೊಂಡೇ ನಡೆಸಿದರು. ರಂಗಾಸಕ್ತರು ಇಂದೂ ಹಾಗೆ ಕೂಡಬಹುದು. ನಾಟಕ ನೋಡಿ ಹೊರಬಂದವರಲ್ಲಿ ಅರ್ಧ ಜನ ಅದರ ಪುಸ್ತಕಕ್ಕೆ ಮುಂಗಡ ಕೊಟ್ಟರೆ ಮೊದಲ ಮುದ್ರಣದ ಬಹುಪಾಲು ಖರ್ಚು ಹುಟ್ಟುತ್ತದೆ. ಈ ವರ್ಷ ನಿಮ್ಮನ್ನು ಅಲುಗಾಡಿಸಿದ ಒಂದು ಹೊಸ ನಾಟಕ ಇದ್ದರೆ ಅದರ ತಂಡವನ್ನು ಕೇಳಿ: ಪುಸ್ತಕ ಯಾವಾಗ? ಕೇಳುವವರು ಹೆಚ್ಚಾದರೆ ಅಚ್ಚು ಹಾಕುವವರು ಬಂದೇ ಬರುತ್ತಾರೆ.