ಹಳೆಯ ಆರು ಸಿಲಿಂಡರ್ ಇಂಜಿನ್ನಿಗೆ ಡ್ಯಾಂಪರ್ ಪುಲ್ಲಿ: ಆಯ್ಕೆಯ ಕ್ರಮ ಮತ್ತು ಖರ್ಚಿನ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ವ್ಯಾಪಾರ ಹಾಗೂ ಸಣ್ಣ ಉದ್ದಿಮೆಗಳು ಬಹುಮಟ್ಟಿಗೆ ಡೀಸೆಲ್ ಇಂಜಿನ್ನುಗಳನ್ನು ಅವಲಂಬಿಸಿವೆ. ಕಬ್ಬು, ಬೆಲ್ಲ, ತಂಬಾಕುಗಳನ್ನು ಸಾಗಿಸುವ ಲಾರಿಗಳಲ್ಲಿಯೂ ಕಾರ್ಖಾನೆಗಳ ಜನರೇಟರ್‌ಗಳಲ್ಲಿಯೂ ಹಳೆಯ ಆರು ಸಿಲಿಂಡರ್ ಇಂಜಿನ್ನುಗಳು ಇನ್ನೂ ದುಡಿಯುತ್ತಿವೆ. 5,675 ಸಿ.ಸಿ.ಯ ಟಾಟಾ 697, ಅಶೋಕ್ ಲೇಲ್ಯಾಂಡಿನ ಹಿನೋ ಮಾದರಿ, 5.9 ಲೀಟರಿನ ಕಮ್ಮಿನ್ಸ್ 6ಬಿಟಿ ಇವು ನಮ್ಮ ಭಾಗದ ಗ್ಯಾರೇಜುಗಳಿಗೆ ಚಿರಪರಿಚಿತ ಹೆಸರುಗಳು. ಇಂತಹ ಇಂಜಿನ್ನನ್ನು ಬಿಚ್ಚಿ ಕಟ್ಟುವಾಗ ಪಿಸ್ಟನ್, ಲೈನರ್, ಬೇರಿಂಗುಗಳಿಗೆ ಸಲ್ಲುವ ಗಮನ ಮುಂಭಾಗದ ಡ್ಯಾಂಪರ್ ಪುಲ್ಲಿಗೆ ಸಲ್ಲುವುದಿಲ್ಲ. ಈ ಬಿಡಿಭಾಗದ ಕೆಲಸವೇನು, ಅದನ್ನು ಹೇಗೆ ಆರಿಸಬೇಕು, ಖರೀದಿಯಲ್ಲಿ ತೆರಿಗೆಯ ದೃಷ್ಟಿಯಿಂದ ಯಾವ ಎಚ್ಚರಿಕೆ ಅಗತ್ಯ ಎಂಬುದನ್ನು ಸದಸ್ಯ ಬಾಂಧವರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಡ್ಯಾಂಪರಿನ ಕೆಲಸ

ಇದಕ್ಕೆ 'ಹಾರ್ಮೋನಿಕ್ ಬ್ಯಾಲೆನ್ಸರ್' ಎಂಬ ಹೆಸರೂ ಉಂಟು. ಆದರೆ ಹೆಸರು ಸೂಚಿಸುವಂತೆ ಇದು ತೂಕ ಸರಿದೂಗಿಸುವ ಸಾಧನವಲ್ಲ. ಸಾಲಾಗಿ ಆರು ಸಿಲಿಂಡರುಗಳಿರುವ ಇಂಜಿನ್ ತನ್ನ ರಚನೆಯಿಂದಲೇ ಉತ್ತಮ ಸಮತೋಲ ಹೊಂದಿರುತ್ತದೆ. ಅದರ ತೊಂದರೆ ಬೇರೆಯದು. ಆರು ಸಿಲಿಂಡರುಗಳ ಉದ್ದಕ್ಕೂ ಹಬ್ಬಿದ ಕ್ರ್ಯಾಂಕ್‌ಶಾಫ್ಟ್ ಉಕ್ಕಿನದಾದರೂ ಪ್ರತಿ ಸಿಡಿತಕ್ಕೆ ಕೊಂಚ ತಿರುಚಿ ಮತ್ತೆ ಬಿಚ್ಚಿಕೊಳ್ಳುತ್ತದೆ. ನಾಲ್ಕು ಸ್ಟ್ರೋಕಿನ ಆರು ಸಿಲಿಂಡರ್ ಇಂಜಿನ್ನಿನಲ್ಲಿ ಒಂದು ಸುತ್ತಿಗೆ ಮೂರು ಸಿಡಿತಗಳು. ಈ ಹೊಡೆತಗಳ ಲಯವು ಶಾಫ್ಟಿನ ಸಹಜ ಕಂಪನದ ಲಯಕ್ಕೆ ಕೂಡಿಬಂದಾಗ ತಿರುಚುವಿಕೆ ಹಲವು ಪಟ್ಟು ಬೆಳೆಯುತ್ತದೆ.

ಒಂದು ಉದಾಹರಣೆ ನೋಡೋಣ. ಶಾಫ್ಟಿನ ಸಹಜ ಕಂಪನ ಸೆಕೆಂಡಿಗೆ 200 ಎಂದು ಭಾವಿಸಿದರೆ, ಸುತ್ತಿಗೆ ಮೂರರ ಲಯ ಅದನ್ನು ಮುಟ್ಟುವುದು ನಿಮಿಷಕ್ಕೆ 4,000 ಸುತ್ತುಗಳಲ್ಲಿ. ಹಳೆಯ ಡೀಸೆಲ್ ಇಂಜಿನ್ ಆ ವೇಗಕ್ಕೆ ಹೋಗುವುದೇ ಇಲ್ಲ. ಆದರೆ ಸುತ್ತಿಗೆ ಆರರ ಲಯ 2,000 ಸುತ್ತುಗಳಲ್ಲಿಯೇ ಅದನ್ನು ಮುಟ್ಟುತ್ತದೆ. ಇದು ಲಾರಿ ನಿತ್ಯ ಓಡುವ ವೇಗ. ಡ್ಯಾಂಪರ್ ಈ ಕಂಪನವನ್ನು ತನ್ನೊಳಗೆ ಹೀರಿ ಶಾಖವಾಗಿ ಹೊರಹಾಕುತ್ತದೆ. ತಿರುಚಾಟ ಅತಿ ಹೆಚ್ಚಾಗಿರುವುದು ಶಾಫ್ಟಿನ ಮುಂತುದಿಯಲ್ಲಿ. ಆದ್ದರಿಂದಲೇ ಡ್ಯಾಂಪರಿಗೆ ಅಲ್ಲಿ ಸ್ಥಾನ. ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ ಮೊದಲಾದ ತಂತ್ರಜ್ಞರು 20ನೆಯ ಶತಮಾನದ ಆರಂಭದಲ್ಲಿಯೇ ಈ ಸಮಸ್ಯೆಯನ್ನು ಗುರುತಿಸಿ ಪರಿಹಾರ ರೂಪಿಸಿದ್ದರು.

ಎರಡು ಬಗೆಗಳು

1. ರಬ್ಬರ್ ಡ್ಯಾಂಪರ್: ಒಳಗಿನ ಹಬ್ಬಿಗೂ ಹೊರಗಿನ ಕಬ್ಬಿಣದ ಬಳೆಗೂ ನಡುವೆ ರಬ್ಬರಿನ ಪದರ ಇರುತ್ತದೆ. ಬಳೆಯ ತೂಕ ಮತ್ತು ರಬ್ಬರಿನ ಬಿಗಿತವನ್ನು ಆಯಾ ಇಂಜಿನ್ನಿನ ಕಂಪನಕ್ಕೆ ಹೊಂದಿಸಿರುತ್ತಾರೆ. ಬೆಲೆ ಕಡಿಮೆ. ಆದರೆ ಶಾಖ, ಎಣ್ಣೆ ಮತ್ತು ವಯಸ್ಸಿನಿಂದ ರಬ್ಬರ್ ಬಿರಿಯುತ್ತದೆ, ಇಲ್ಲವೆ ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರ್ ಕಣ್ಣಿಗೆ ಚೆನ್ನಾಗಿಯೇ ಕಾಣಬಹುದು, ಕೆಲಸ ಮಾತ್ರ ಮಾಡುವುದಿಲ್ಲ.

2. ಸಿಲಿಕೋನ್ ದ್ರವದ ಡ್ಯಾಂಪರ್: ಮುಚ್ಚಿದ ಡಬ್ಬಿಯೊಳಗೆ ದಪ್ಪ ದ್ರವದಲ್ಲಿ ಭಾರವಾದ ಬಳೆ ತೇಲುತ್ತಿರುತ್ತದೆ. ಇದು ಒಂದೇ ವೇಗಕ್ಕಲ್ಲದೆ ವೇಗದ ವಿಶಾಲ ವ್ಯಾಪ್ತಿಗೆ ಒದಗುತ್ತದೆ. ಆದರೆ ಒಳಗಿನ ಸಂದು ಅತಿ ಸಣ್ಣದು. ಹೊರಗವಚಕ್ಕೆ ಸುತ್ತಿಗೆಯ ಒಂದು ಪೆಟ್ಟು ಬಿದ್ದು ತಗ್ಗಾದರೆ ಒಳಗಿನ ಬಳೆ ಸಿಕ್ಕಿಕೊಂಡು ಡ್ಯಾಂಪರ್ ನಿರುಪಯುಕ್ತವಾಗುತ್ತದೆ.

ಆಯ್ಕೆಯ ಮುನ್ನ ಪರಿಶೀಲನೆ

ಮೊದಲನೆಯದಾಗಿ, ವಾಹನದ ಮಾದರಿಯ ಹೆಸರು ಹೇಳಿ ಡ್ಯಾಂಪರ್ ಕೊಳ್ಳಬಾರದು. ಒಂದೇ ಕುಟುಂಬದ ಇಂಜಿನ್ನುಗಳಲ್ಲಿಯೂ ಅಶ್ವಶಕ್ತಿಗೆ ತಕ್ಕಂತೆ ಬೇರೆ ಬೇರೆ ಡ್ಯಾಂಪರುಗಳಿರುತ್ತವೆ. ಇಂಜಿನ್ ಫಲಕದ ಸಂಖ್ಯೆಯಿಂದ ಬಿಡಿಭಾಗದ ಸಂಖ್ಯೆ ಹುಡುಕಿಸಿ, ಬಿಲ್ಲಿನಲ್ಲಿ ಅದನ್ನೇ ಬರೆಯಿಸಬೇಕು. ಬೋಲ್ಟಿನ ರಂಧ್ರಗಳು ಕೂಡಿಬಂದವೆಂಬುದು ಹೊಂದಾಣಿಕೆಗೆ ಸಾಕ್ಷಿಯಲ್ಲ.

ಎರಡನೆಯದಾಗಿ, ಇಂಜಿನ್ನಿನ ಈಗಿನ ಬಳಕೆಯನ್ನು ಗಮನಿಸಬೇಕು. ಜನರೇಟರ್ ಇಂಜಿನ್ ನಿಮಿಷಕ್ಕೆ 1,500 ಸುತ್ತುಗಳಲ್ಲಿ ಸ್ಥಿರವಾಗಿ ಓಡುತ್ತದೆ. ಲಾರಿಯ ಇಂಜಿನ್ ಕೆಳವೇಗದಿಂದ ಮೇಲ್ವೇಗದವರೆಗೆ ಏರಿಳಿಯುತ್ತದೆ. ಲಾರಿಯಿಂದ ಇಳಿಸಿದ ಇಂಜಿನ್ನನ್ನು ಜನರೇಟರಿಗೆ ಜೋಡಿಸಿದರೆ ಶಾಫ್ಟಿನ ಹಿಂಬದಿಯ ಭಾರವೂ ಬದಲಾಗುವುದರಿಂದ ಹಳೆಯ ಡ್ಯಾಂಪರ್ ಒಗ್ಗುತ್ತದೆಂದು ಹೇಳಲಾಗದು. ಹೆಚ್ಚು ಎಳೆತಕ್ಕಾಗಿ ಪಂಪಿನ ಡೀಸೆಲ್ ಪ್ರಮಾಣ ಏರಿಸುವುದು, ಟರ್ಬೊ ಕೂಡಿಸುವುದು ಮುಂತಾದ ಮಾರ್ಪಾಡುಗಳಿಂದ ಸಿಡಿತದ ಒತ್ತಡ ಹೆಚ್ಚಿ, ಶಾಫ್ಟಿನ ತಿರುಚುವಿಕೆಯೂ ಹೆಚ್ಚುತ್ತದೆ. ಅಂತಹ ಇಂಜಿನ್ನಿಗೆ ಮೂಲದ ಡ್ಯಾಂಪರ್ ಸಾಲದೆ ಹೋಗಬಹುದು.

ಮೂರನೆಯದಾಗಿ, ಹಳೆಯ ಡ್ಯಾಂಪರಿನ ಸ್ಥಿತಿ. ಹಬ್ಬಿನಿಂದ ಬಳೆಯವರೆಗೆ ಬಣ್ಣದ ಒಂದು ಗೆರೆ ಎಳೆದು ಕೆಲವು ದಿನ ಓಡಿಸಿ ನೋಡಬಹುದು. ಗೆರೆ ತುಂಡಾಗಿ ಸರಿದಿದ್ದರೆ ಬಳೆ ಜಾರಿದೆ ಎಂದರ್ಥ. ಟೈಮಿಂಗ್ ಗುರುತು ಬಳೆಯ ಮೇಲಿದ್ದರೆ ಅದೂ ತಪ್ಪುತ್ತದೆ. ರಬ್ಬರ್ ಹೊರಚಾಚುವುದು, ಪುಲ್ಲಿ ಓಲಾಡುವುದು, ಬೆಲ್ಟ್ ಅಂಚು ಸವೆಯುವುದು, ಮುಂಭಾಗದ ಗೇರುಗಳ ಸದ್ದು, ಬೋಲ್ಟುಗಳು ಪದೇ ಪದೇ ಸಡಿಲಾಗುವುದು ಇವು ಮುನ್ಸೂಚನೆಗಳು. ದ್ರವದ ಡ್ಯಾಂಪರಿನಲ್ಲಿ ತಗ್ಗು, ಉಬ್ಬು ಅಥವಾ ಸೋರಿಕೆ ಕಂಡರೆ ಬದಲಾಯಿಸುವುದೊಂದೇ ದಾರಿ.

ನಾಲ್ಕನೆಯದಾಗಿ, ಜೋಡಣೆ. ಹಬ್ಬಿನ ರಂಧ್ರಗಳಿಗೆ ಪುಲ್ಲರ್ ಹಾಕಿ ತೆಗೆಯಬೇಕೇ ಹೊರತು ಹೊರಬಳೆಗೆ ಕೊಕ್ಕೆ ಹಾಕಿ ಎಳೆಯಬಾರದು, ಸುತ್ತಿಗೆ ಮುಟ್ಟಿಸಲೇಬಾರದು. ಬೋಲ್ಟುಗಳನ್ನು ತಯಾರಕರು ಸೂಚಿಸಿದ ಟಾರ್ಕಿಗೆ ಬಿಗಿದು, ಡಯಲ್ ಗೇಜಿನಿಂದ ಓಲಾಟ ಅಳೆಯಿಸುವುದು ಒಳಿತು.

ಅಗ್ಗವೋ ದುಬಾರಿಯೋ?

ಹಳೆಯ ಹಬ್ಬಿಗೆ ಹೊಸ ರಬ್ಬರ್ ಏರಿಸಿ ಮಾರುವ ಪದ್ಧತಿಯಿದೆ. ರಬ್ಬರಿನ ಗಡಸುತನ ಮೂಲದಂತೆಯೇ ಇದ್ದರೆ ಮಾತ್ರ ಅದು ಉಪಯುಕ್ತ. ಇಲ್ಲದಿದ್ದರೆ ಡ್ಯಾಂಪರ್ ತಪ್ಪು ವೇಗಕ್ಕೆ ಹೊಂದಿಕೊಂಡಿರುತ್ತದೆ. ಲೆಕ್ಕ ಸ್ಪಷ್ಟವಾಗಲೆಂದು ಕೆಲವು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ಹೊಸ ಡ್ಯಾಂಪರ್ 10,000 ರೂ., ಬಾಳಿಕೆ 4 ಹಂಗಾಮು. ಅಂದರೆ ಹಂಗಾಮಿಗೆ 2,500 ರೂ. ರಬ್ಬರ್ ಏರಿಸಿದ್ದು 4,000 ರೂ., ಬಾಳಿಕೆ 2 ಹಂಗಾಮು. ಹಂಗಾಮಿಗೆ 2,000 ರೂ. ಉಳಿತಾಯ ಹಂಗಾಮಿಗೆ ಕೇವಲ 500 ರೂ. ಕ್ರ್ಯಾಂಕ್ ಮುರಿದರೆ ದುರಸ್ತಿಗೆ 1,50,000 ರೂ., ಹತ್ತು ದಿನ ಲಾರಿ ನಿಂತರೆ ದಿನಕ್ಕೆ 6,000 ರೂ.ನಂತೆ 60,000 ರೂ., ಒಟ್ಟು 2,10,000 ರೂ. ಹಾನಿ. ಅಗ್ಗದ ಡ್ಯಾಂಪರಿನಿಂದ ಹಂಗಾಮಿಗೆ 420ರಲ್ಲಿ ಒಂದಕ್ಕಿಂತ ಹೆಚ್ಚು ಅಪಾಯ ಕೂಡಿದರೂ ಆ 500 ರೂಪಾಯಿ ಉಳಿತಾಯವಲ್ಲ, ನಷ್ಟ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿಕೊಳ್ಳಬಹುದು. ಕಬ್ಬು ನುರಿಸುವ ಹಂಗಾಮಿನ ನಡುವೆ ನಿಂತ ಲಾರಿಯ ಬಾಡಿಗೆ ಮತ್ತೆ ಕೈಗೆ ಬಾರದು. ಸಾಮಾನ್ಯ ವಾಹನ ವಿಮೆಯು ಸವಕಳಿ ಮತ್ತು ಯಾಂತ್ರಿಕ ಕೆಡುಕಿನ ಹಾನಿಯನ್ನು ಭರಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ತೆರಿಗೆಯ ಅಂಶಗಳು

ವಾಹನ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ದರ 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇ. 18 ಆಗಿದೆ, ಅದಕ್ಕೆ ಮೊದಲು ಅನೇಕ ಭಾಗಗಳಿಗೆ ಶೇ. 28 ಇತ್ತು. ಸರಕು ಸಾಗಣೆ ವಾಹನದ ಮತ್ತು ಉದ್ದಿಮೆಯ ಜನರೇಟರಿನ ಬಿಡಿಭಾಗಗಳ ಮೇಲೆ ತೆತ್ತ ತೆರಿಗೆಯನ್ನು ನೋಂದಾಯಿತ ವ್ಯಾಪಾರಿ ನಿಯಮಾನುಸಾರ ಜಮೆ ಪಡೆಯಬಹುದು. ಜಮೆಯಿಲ್ಲದ ಶೇ. 5ರ ಪದ್ಧತಿಯಲ್ಲಿರುವ ಸಾರಿಗೆ ಸಂಸ್ಥೆಗೆ ಈ ಸೌಲಭ್ಯವಿಲ್ಲ. ಅವರಿಗೆ ತೆರಿಗೆಯೂ ವೆಚ್ಚವೇ.

ಗಡಿಭಾಗದ ನಮಗೆ ಇನ್ನೊಂದು ಎಚ್ಚರಿಕೆ ಅವಶ್ಯ. ನಿಪ್ಪಾಣಿಯವರಿಗೆ ಕೊಲ್ಹಾಪುರ, ಕಾಗವಾಡದವರಿಗೆ ಮೀರಜ ಹತ್ತಿರದ ಪೇಟೆಗಳು. ಅಲ್ಲಿ ಖರೀದಿಸುವಾಗ ನಮ್ಮ ಕರ್ನಾಟಕದ ಜಿ.ಎಸ್.ಟಿ. ಸಂಖ್ಯೆ ಕೊಟ್ಟು ಐ.ಜಿ.ಎಸ್.ಟಿ. ಬಿಲ್ಲನ್ನೇ ಕೇಳಿ ಪಡೆಯಬೇಕು. ಮಹಾರಾಷ್ಟ್ರದ ಸ್ಥಳೀಯ ತೆರಿಗೆ ಹಾಕಿದ ಬಿಲ್ಲಿನ ಜಮೆ ನಮ್ಮ ಕರ್ನಾಟಕದ ನೋಂದಣಿಗೆ ದೊರೆಯದು. ಬಿಲ್ಲು ಜಿ.ಎಸ್.ಟಿ.ಆರ್.-2ಬಿ ಪಟ್ಟಿಯಲ್ಲಿ ಬಂದಿದೆಯೇ ಎಂದೂ ನೋಡಬೇಕು.

ಆದಾಯ ತೆರಿಗೆಯಲ್ಲಿ, ಇರುವ ಯಂತ್ರವನ್ನು ಸುಸ್ಥಿತಿಯಲ್ಲಿಡಲು ಮಾಡಿದ ಖರ್ಚು ಚಾಲ್ತಿ ದುರಸ್ತಿ ಎನಿಸುತ್ತದೆ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಸುಪ್ರೀಂ ಕೋರ್ಟು, ಸ್ವತಂತ್ರ ಯಂತ್ರವೊಂದನ್ನೇ ಬದಲಾಯಿಸಿದರೆ ಅದು ಚಾಲ್ತಿ ದುರಸ್ತಿಯಲ್ಲ ಎಂದು ಹೇಳಿತು. ಡ್ಯಾಂಪರ್ ಸ್ವತಂತ್ರ ಯಂತ್ರವಲ್ಲ, ಇಂಜಿನ್ನಿನ ಒಂದು ಭಾಗ. ಆದ್ದರಿಂದ ಅದರ ಬದಲಾವಣೆಯನ್ನು ಸಾಮಾನ್ಯವಾಗಿ ಆ ವರ್ಷದ ದುರಸ್ತಿ ವೆಚ್ಚವಾಗಿ ತೋರಿಸಬಹುದು. ಹೊಸದಾಗಿ ಟರ್ಬೊ ಕೂಡಿಸಿ ಇಂಜಿನ್ನಿನ ಸಾಮರ್ಥ್ಯ ಹೆಚ್ಚಿಸಿದ ಖರ್ಚನ್ನು ಮಾತ್ರ ಬಂಡವಾಳ ವೆಚ್ಚವೇ ಎಂದು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಒಬ್ಬನೇ ವ್ಯಾಪಾರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ವೆಚ್ಚಕ್ಕೆ ಮಾನ್ಯತೆ ಸಿಗದು. ಬ್ಯಾಂಕಿನ ಮೂಲಕ ಪಾವತಿಸುವುದು ಸುರಕ್ಷಿತ.

ಸಾರಾಂಶ

ಇಂಜಿನ್ ಸಂಖ್ಯೆಯ ಪ್ರಕಾರ ಆಯ್ಕೆ, ಬಳಕೆಗೆ ತಕ್ಕ ಬಗೆ, ಸುತ್ತಿಗೆ ಮುಟ್ಟದ ಜೋಡಣೆ, ಸರಿಯಾದ ಬಿಲ್ಲು ಈ ನಾಲ್ಕನ್ನು ಪಾಲಿಸಿದರೆ ಸಾಕು. ಹಂಗಾಮು ಆರಂಭವಾಗುವ ಮೊದಲೇ, ಲಾರಿ ಬಿಡುವಾಗಿರುವ ಮಳೆಗಾಲದಲ್ಲಿ ಡ್ಯಾಂಪರನ್ನು ತಪಾಸಣೆ ಮಾಡಿಸಿ, ದಿನಾಂಕ ಮತ್ತು ಓಡಿದ ಕಿಲೋಮೀಟರು ಅಥವಾ ತಾಸುಗಳನ್ನು ವಾಹನದ ದುರಸ್ತಿ ವಹಿಯಲ್ಲಿ ದಾಖಲಿಸುವ ರೂಢಿಯನ್ನು ಸದಸ್ಯರು ಇಟ್ಟುಕೊಳ್ಳುವುದು ಹಿತಕರ.