ನಮ್ಮವರ ರಕ್ತವೇ ಆಗಬೇಕಾ?

ಕೊಡಗಿನಲ್ಲಿ ಯಾರಿಗಾದರೂ ರಕ್ತ ಬೇಕು ಅಂದರೆ ಜನ ಹಿಂದೆಮುಂದೆ ನೋಡುವುದಿಲ್ಲ. ವಾಟ್ಸ್ಯಾಪ್ ಗ್ರೂಪಿನಲ್ಲಿ 'ಅರ್ಜೆಂಟ್, ಬಿ ನೆಗೆಟಿವ್' ಅಂತ ಮೆಸೇಜ್ ಬಿದ್ದರೆ ಸಾಕು, ಸೋಮವಾರಪೇಟೆಯಿಂದ ಮಡಿಕೇರಿಗೆ ಜೀಪು ಹೊರಟೇಬಿಡುತ್ತದೆ. ಆದರೆ ಆ ಮೆಸೇಜಿನಲ್ಲಿ ಒಂದು ಹೆಸರಿರಬೇಕು. ಇಂಥವರ ಮಗ, ಇಂಥ ತೋಟದವರು. ಸುಮ್ಮನೆ ಒಂದು ಭಾನುವಾರ ಹೋಗಿ ಕೊಟ್ಟು ಬರೋಣ ಅಂದರೆ ಮಾತ್ರ ಎಲ್ಲರೂ ಕೇಳೋದು, "ಯಾರಿಗೆ?"

ತಗೊಳ್ಳುವಾಗಲೂ ಹಾಗೇ. ದೊಡ್ಡಪ್ಪನ ಆಪರೇಷನ್‌ಗೆ ರಕ್ತ ಬೇಕಾದಾಗ ಅವರದ್ದು ಒಂದೇ ಹಟ: "ಯಾರದ್ದೋ ಯಾಕೆ? ನಮ್ಮ ಹುಡುಗರೇ ಇದ್ದಾರಲ್ಲ, ಅವರದ್ದೇ ಹಾಕಲಿ." ಬ್ಯಾಗ್ ಮೇಲೆ ಗುಂಪು, ನಂಬರು, ತಾರೀಕು ಇರುತ್ತವೆ, ಕೊಟ್ಟವರ ಹೆಸರು ಜಾತಿ ಇರೋಲ್ಲ ಅಂದೆ. ಸಮಾಧಾನದ ಬದಲು ಅನುಮಾನ ಜಾಸ್ತಿಯಾಯಿತು! ನಾನೂ ಒಂದು ಯೂನಿಟ್ ಕೊಟ್ಟೆ. ಅದು ಅವರ ಮೈಗೆ ಹೋಗಲಿಲ್ಲ, 'ಬದಲಿ ರಕ್ತ'ವಾಗಿ ಬ್ಯಾಂಕಿಗೆ ಹೋಯಿತು.

ಹೋಗದಿದ್ದದ್ದೇ ಒಳ್ಳೆಯದು. ಹತ್ತಿರದ ಸಂಬಂಧಿಯ ಬಿಳಿ ರಕ್ತಕಣಗಳನ್ನು ರೋಗಿಯ ದೇಹ ಕೆಲವೊಮ್ಮೆ ತನ್ನವೇ ಅಂತ ಬಿಟ್ಟುಬಿಡುತ್ತದೆ. ಆಮೇಲೆ ಅವೇ ಆ ದೇಹದ ಮೇಲೆ ತಿರುಗಿಬೀಳಬಹುದು. ಬಹಳ ಅಪರೂಪ, ಆದರೆ ಬಂದರೆ ಬದುಕುವುದು ಕಷ್ಟ. ಅದಕ್ಕೇ ತೀರಾ ಹತ್ತಿರದವರ ರಕ್ತವನ್ನು ವಿಕಿರಣಕ್ಕೆ ಒಡ್ಡಿ ಆಮೇಲೆ ಕೊಡಬೇಕು ಅನ್ನುತ್ತದೆ ವೈದ್ಯಶಾಸ್ತ್ರ.

ಇನ್ನೊಂದು ವಿಷಯ. ಓಡಿ ಬಂದವರ ರಕ್ತವನ್ನು ಆ ಕ್ಷಣವೇ ಏರಿಸುವ ಹಾಗಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮುಗಿಯಬೇಕು. ಹಾಗಾಗಿ ಆ ರಾತ್ರಿ ಜೀವ ಉಳಿಸೋದು ಮೊದಲೇ ಯಾರೋ ಕೊಟ್ಟು ಫ್ರಿಜ್ಜಿನಲ್ಲಿರುವ ಬ್ಯಾಗು. 2018ರ ಆಗಸ್ಟಿನಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದು ರಸ್ತೆಗಳೇ ಇಲ್ಲವಾದಾಗ ಯಾವ ಜೀಪು ಬರಬೇಕಿತ್ತು ಹೇಳಿ?

ದುಡ್ಡಿಗೆ ರಕ್ತ ಮಾರುವುದನ್ನು ಸುಪ್ರೀಂ ಕೋರ್ಟ್ ಆದೇಶದಂತೆ 1998ರ ಜನವರಿ 1ರಿಂದ ನಿಲ್ಲಿಸಲಾಯಿತು. 'ಬದಲಿ' ಪದ್ಧತಿಯೂ ಹೋಗಬೇಕು ಅಂತ 2002ರ ರಾಷ್ಟ್ರೀಯ ರಕ್ತ ನೀತಿ ಹೇಳಿತು. ಅದಿನ್ನೂ ಹೋಗಿಲ್ಲ. ನಮ್ಮಂಥವರಿಗೆ ನಡೆದುಹೋಗುತ್ತದೆ, ಕರೆದರೆ ನಾಲ್ಕು ಜನ ಬರುತ್ತಾರೆ. ಆದರೆ ಕೊಡಗಿನ ಹಾಡಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇರುವವರಿದ್ದಾರೆ. ಅಲ್ಲಿನ ಒಂದು ಮಗುವಿಗೆ ರಕ್ತ ಬೇಕಾದರೆ ಯಾವ ಗ್ರೂಪಿನಲ್ಲಿ ಮೆಸೇಜ್ ಬೀಳುತ್ತದೆ? ಬದಲಿಗೆ ಯಾರನ್ನು ಕರೆತರಬೇಕು ಅವರು?

ವರ್ಷಕ್ಕೊಂದು ಶಿಬಿರ ಮಾಡಿ, ನೂರು ಜನ ಒಂದೇ ದಿನ ಕೊಟ್ಟು, ಫೋಟೋ ಹಾಕುವುದೂ ಸಾಲದು. ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್ ಬರೀ 5 ದಿನ ಇಡಬಹುದು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು, ಹಿಮೋಗ್ಲೋಬಿನ್ 12.5 ಇರಬೇಕು. (ನಮ್ಮ ಚಿಕ್ಕಮ್ಮ ಆಸೆಯಿಂದ ಬಂದು, 11 ಇದೆ ಅಂತ ವಾಪಸ್ ಹೋದರು. ಬೇಜಾರು ಮಾಡ್ಕೊಂಡು ಈಗ ದಿನಾ ಸೊಪ್ಪು ತಿಂತಿದ್ದಾರೆ.)

ನಾವು ಆರು ಜನ ಗೆಳೆಯರು ಈಗ ಒಟ್ಟಿಗೆ ಹೋಗೋಲ್ಲ. ಆಫೀಸಿನ ಆನ್‌ಕಾಲ್ ಪಟ್ಟಿ ಹಾಗೆ ಒಂದು ಶೀಟ್ ಮಾಡಿ, ಎರಡು ವಾರಕ್ಕೊಬ್ಬರಂತೆ ಹೋಗಿ ಕೊಟ್ಟು ಬರುತ್ತೇವೆ. ನನ್ನ ಸರದಿ ಜೂನ್ ಮೊದಲ ವಾರ, ಮಳೆ ಹಿಡಿಯೋಕೆ ಮುಂಚೆ.