ಸಂಶೋಧನೆ ಮತ್ತು ಲೋಕಸಂವಾದ: ಕರ್ನಾಟಕದ ಕೆಲವು ನಿದರ್ಶನಗಳು

ವಿಶ್ವವಿದ್ಯಾನಿಲಯದ ಕರ್ತವ್ಯಗಳನ್ನು ಬೋಧನೆ, ಸಂಶೋಧನೆ, ವಿಸ್ತರಣೆ ಎಂದು ಮೂರಾಗಿ ವಿಂಗಡಿಸುವುದು ವಾಡಿಕೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 1977ರ ತನ್ನ ನೀತಿ ನಿರೂಪಣೆಯಲ್ಲಿ ವಿಸ್ತರಣೆಗೆ ಉಳಿದೆರಡರೊಡನೆ ಸಮಾನ ಸ್ಥಾನವನ್ನು ನೀಡಿತು. ಆದರೂ ಆಚರಣೆಯಲ್ಲಿ ಅದು ಬಿಡುವಿನ ವೇಳೆಯ ಸೇವೆಯಾಗಿಯೇ ಉಳಿದುಬಂದಿದೆ. ಸಂಶೋಧನೆಯೆಲ್ಲ ಮುಗಿದ ಮೇಲೆ ಅದರ ಫಲವನ್ನು ಸರಳವಾದ ಮಾತುಗಳಲ್ಲಿ ಜನರಿಗೆ ತಿಳಿಸುವುದೇ ವಿಸ್ತರಣೆ ಎಂಬ ಭಾವನೆ ಇದಕ್ಕೆ ಒಂದು ಕಾರಣ. ಕರ್ನಾಟಕದ ಅನುಭವವನ್ನು ಪರಿಶೀಲಿಸಿದರೆ ವಿಜ್ಞಾನಿ ಮತ್ತು ಜನತೆಯ ನಡುವಣ ಸಂಬಂಧವು ಮೂರು ಬಗೆಗಳಲ್ಲಿ ರೂಪುಗೊಂಡಿರುವುದು ಕಾಣುತ್ತದೆ: ಜನರಿಗೆ ಹೇಳುವುದು, ಜನರ ಪರೀಕ್ಷೆಗೆ ಒಡ್ಡುವುದು, ಜನರಿಂದ ಕೇಳುವುದು. ಇವುಗಳಲ್ಲಿ ಮೂರನೆಯದು ಅಪರೂಪವಾದುದು. ಆದರೆ ಕೆಲವು ಕ್ಷೇತ್ರಗಳಲ್ಲಿ ಸಂಶೋಧನೆಯ ನಿರ್ಣಯ ಸರಿಯೋ ತಪ್ಪೋ ಎಂಬುದೇ ಅದನ್ನು ಅವಲಂಬಿಸಿರುತ್ತದೆ ಎಂಬುದನ್ನು ಈ ನಿದರ್ಶನಗಳು ತೋರಿಸುತ್ತವೆ.

ಕನ್ನಡದಲ್ಲಿ ಹೇಳುವ ಪರಂಪರೆ

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಯಾದಾಗ ಅಲ್ಲಿ ವಿಜ್ಞಾನ ಬೋಧನೆಯ ಭಾಷೆ ಇಂಗ್ಲಿಷ್. ಎರಡೇ ವರ್ಷಗಳಲ್ಲಿ, 1918ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಪತ್ರಿಕೆ ಅಲ್ಪಾಯುಷಿಯಾಯಿತು. ಆದರೆ ಆಧುನಿಕ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೆ ಎಂಬ ಪ್ರಶ್ನೆಗೆ ಅದು ಆಚರಣೆಯ ಮೂಲಕವೇ ಉತ್ತರ ನೀಡಿತು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸಗಳನ್ನು ನೀಡುವ ಏರ್ಪಾಡು ಬೆಳೆಯಿತು. ಆ ಉಪನ್ಯಾಸಗಳು ಕಡಿಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚಾದವು. ಕುವೆಂಪು ಅವರು ಕುಲಪತಿಗಳಾಗಿದ್ದ ಅವಧಿಯಲ್ಲಿ (1956-60) ಪ್ರಸಾರಾಂಗದ ಈ ಕಾರ್ಯಕ್ಕೆ ಹೊಸ ಚೈತನ್ಯ ದೊರೆಯಿತು. ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ನಗರದ ವಿಜ್ಞಾನಿಗಳನ್ನು ವಾರವಾರವೂ ಶ್ರೋತೃಗಳ ಮುಂದೆ ನಿಲ್ಲಿಸಿತು.

ಹೇಳುವ ಕಲೆಯಲ್ಲಿ ಬಿ.ಜಿ.ಎಲ್. ಸ್ವಾಮಿಯವರದು ವಿಶಿಷ್ಟ ಸ್ಥಾನ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಅಂತರರಾಷ್ಟ್ರೀಯ ಖ್ಯಾತಿಯ ಸಂಶೋಧಕರು. ಕಾಡಿನಲ್ಲಿ ವಿದ್ಯಾರ್ಥಿಗಳೊಡನೆ ನಡೆಸಿದ ಸಸ್ಯಾನ್ವೇಷಣೆಯನ್ನೇ ಹಾಸ್ಯಮಿಶ್ರಿತ ಕಥನವಾಗಿಸಿದ ಅವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ವಿಜ್ಞಾನದ ಫಲಿತಾಂಶವನ್ನಷ್ಟೇ ಅಲ್ಲದೆ ವಿಜ್ಞಾನಿ ನೋಡುವ ಬಗೆಯನ್ನೂ ಓದುಗನಿಗೆ ದಾಟಿಸಿದ್ದು ಆ ಕೃತಿಯ ಹಿರಿಮೆ.

ಈ ಪರಂಪರೆಯ ಋಣ ದೊಡ್ಡದು. ಆದರೆ ಇದರಲ್ಲಿ ಜ್ಞಾನದ ಹರಿವು ಒಮ್ಮುಖವಾದುದು. ಸಭಿಕನು ಪ್ರಶ್ನೆ ಕೇಳಬಹುದು. ಆ ಪ್ರಶ್ನೆಯಿಂದ ಪ್ರಯೋಗಶಾಲೆಯ ಕೆಲಸದಲ್ಲಿ ಬದಲಾವಣೆಯಾಗುವುದು ವಿರಳ.

ಹೊಲದಲ್ಲಿ ನಡೆಯುವ ಪರೀಕ್ಷೆ

ಕೃಷಿ ವಿಜ್ಞಾನದಲ್ಲಿ ಸ್ಥಿತಿ ಭಿನ್ನವಾಗಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿಯ ತಳಿ ಸಂವರ್ಧನೆಗೆ ಬದುಕನ್ನು ಮುಡಿಪಿಟ್ಟ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ 'ಇಂಡಾಫ್' ತಳಿಗಳನ್ನು ರೂಪಿಸಿದರು. ಎರಡು ನೆಲಗಳ ಹೆಸರು ಕೂಡಿಯೇ ಈ ಹೆಸರಾಯಿತು. ಜನರು ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ಸಂಶೋಧಕನ ಹೆಸರಿಗೆ ಬೆಳೆಯ ಹೆಸರು ಅಂಟಿಕೊಳ್ಳುವುದು ಜನಮನ್ನಣೆಯ ಖಚಿತವಾದ ಗುರುತು.

ತಳಿಯೊಂದರ ಭವಿಷ್ಯವನ್ನು ಸಂಶೋಧನಾ ಕೇಂದ್ರವು ಒಂದು ಹಂತದವರೆಗೆ ಮಾತ್ರ ನಿರ್ಧರಿಸಬಲ್ಲದು. ರೈತನು ಇಳುವರಿಯನ್ನಷ್ಟೇ ನೋಡುವುದಿಲ್ಲ. ಹುಲ್ಲು ದನಗಳಿಗೆ ಸಾಲುತ್ತದೆಯೆ, ಮಳೆ ಹಿಂದುಮುಂದಾದರೆ ಪೈರು ತಾಳುತ್ತದೆಯೆ ಎಂದು ಅವನು ಕೇಳುತ್ತಾನೆ. ಮುದ್ದೆ ಹೇಗೆ ಬರುತ್ತದೆ ಎಂಬುದನ್ನು ಮನೆಯ ಹೆಂಗಸರು ತೀರ್ಮಾನಿಸುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ನಡೆಸುವ ಕೃಷಿಮೇಳಗಳೂ ರೈತರ ಜಮೀನಿನಲ್ಲೇ ಏರ್ಪಡಿಸುವ ಪ್ರಾತ್ಯಕ್ಷಿಕೆಗಳೂ ಇಂತಹ ಪರೀಕ್ಷೆಗೆ ಅವಕಾಶ ಮಾಡಿಕೊಡುತ್ತವೆ. ಇಲ್ಲಿ ಜನರು ಶ್ರೋತೃಗಳಲ್ಲ, ಪರೀಕ್ಷಕರು. ಆದರೂ ಪರೀಕ್ಷೆಗೆ ಒಡ್ಡುವ ವಸ್ತುವನ್ನು ಆಯ್ದು ತರುವವನು ವಿಜ್ಞಾನಿಯೇ.

ಬಿದಿರು ಮೆಳೆಯ ಪಾಠ

ಜನರ ಮಾತು ಸಂಶೋಧನೆಯ ದಿಕ್ಕನ್ನೇ ನಿರ್ಧರಿಸಿದ ನಿದರ್ಶನವು ಉತ್ತರ ಕನ್ನಡ ಜಿಲ್ಲೆಯಲ್ಲಿ ದೊರೆಯುತ್ತದೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರವು ಬಿದಿರನ್ನು ಮಾರುಕಟ್ಟೆಯ ಬೆಲೆಗಿಂತ ಬಹಳ ಕಡಿಮೆ ದರದಲ್ಲಿ ಒದಗಿಸುತ್ತಿತ್ತು. 1970ರ ದಶಕದ ಹೊತ್ತಿಗೆ ಕಾಡಿನಲ್ಲಿ ಬಿದಿರು ಕ್ಷೀಣಿಸತೊಡಗಿ, ಬುಟ್ಟಿ ಹೆಣೆದು ಬದುಕುವ ಮೇದಾರರಿಗೆ ಕಚ್ಚಾವಸ್ತು ದುರ್ಲಭವಾಯಿತು. ಬಿದಿರಿನ ನಾಶಕ್ಕೆ ಹಳ್ಳಿಗರ ಬಳಕೆ ಕಾರಣವೆಂಬ ವಾದವೊಂದು, ಕಾರ್ಖಾನೆಯ ಕಟಾವು ಕಾರಣವೆಂಬ ವಾದ ಇನ್ನೊಂದು. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಈ ಸಮಸ್ಯೆಯ ಅಧ್ಯಯನಕ್ಕೆ ತೊಡಗಿದರು.

ಬಿದಿರು ಮೆಳೆಯ ಬುಡವನ್ನು ಮುಳ್ಳುಕೊಂಬೆಗಳು ದಟ್ಟವಾಗಿ ಸುತ್ತುವರಿದಿರುತ್ತವೆ. ಈ ಮುಳ್ಳನ್ನು ಸವರಿ ಬುಡವನ್ನು ಚೊಕ್ಕಟಗೊಳಿಸಿದರೆ ಇಕ್ಕಟ್ಟು ಕಡಮೆಯಾಗಿ ಹೊಸ ಗಳಗಳು ಚೆನ್ನಾಗಿ ಬರುತ್ತವೆಂದು ಅರಣ್ಯ ನಿರ್ವಹಣೆಯ ಕ್ರಮವು ವಿಧಿಸಿತ್ತು. ಸ್ಥಳೀಯ ಜನರು ಹೇಳಿದ್ದು ಇದಕ್ಕೆ ತದ್ವಿರುದ್ಧ: ಮುಳ್ಳು ಮೆಳೆಗೆ ಬೇಲಿ, ಅದನ್ನು ತೆಗೆದರೆ ಮಳೆಗಾಲದಲ್ಲಿ ಏಳುವ ಎಳೆಯ ಕಳಲೆಯನ್ನು ದನಕರು ಮತ್ತು ಕಾಡುಪ್ರಾಣಿಗಳು ತಿಂದುಹಾಕುತ್ತವೆ. ಅದಕ್ಕಾಗಿಯೇ ಅವರು ಮುಳ್ಳಿನ ಹೊದಿಕೆಯನ್ನು ಮುಟ್ಟದೆ, ಗಳವನ್ನು ಮೇಲ್ಭಾಗದಲ್ಲಿ ಕಡಿಯುತ್ತಿದ್ದರು. ದೂರದಿಂದ ನೋಡಿದವರಿಗೆ ಇದು ವ್ಯರ್ಥ ಕಟಾವಿನಂತೆ ತೋರಬಹುದು.

ಸಂಶೋಧಕರು ಈ ಮಾತನ್ನು ಅನುಭವಿಗಳ ಹೇಳಿಕೆಯೆಂದು ತಲೆಬಾಗಿ ಒಪ್ಪಿಕೊಳ್ಳಲಿಲ್ಲ. ಅಜ್ಞರ ನಂಬಿಕೆಯೆಂದು ತಳ್ಳಿಹಾಕಲೂ ಇಲ್ಲ. ಅದನ್ನು ಪರೀಕ್ಷಿಸಬಹುದಾದ ಊಹನವೆಂದು ಸ್ವೀಕರಿಸಿ ಕ್ಷೇತ್ರದಲ್ಲಿ ಪರಿಶೀಲಿಸಿದರು. ಹಳ್ಳಿಗರ ಮಾತೇ ನಿಜವೆಂದು ಸಿದ್ಧವಾಯಿತು. ಬಿದಿರಿನ ಸಂಗ್ರಹದ ಬಗೆಗಿನ ಆರಂಭದ ಅಂದಾಜುಗಳು ವಾಸ್ತವಕ್ಕಿಂತ ಬಹಳ ಹೆಚ್ಚಾಗಿದ್ದುದೂ ಇದೇ ಅಧ್ಯಯನದಿಂದ ಹೊರಬಿದ್ದಿತು. ಕಾಡಿನ ಜನರೊಡನೆ ಮಾತನಾಡದಿದ್ದರೆ ಈ ಸಂಶೋಧನೆಯು ಕೇಳಬೇಕಾದ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಜನತಾ ದಾಖಲೆ: ಭರವಸೆ ಮತ್ತು ಅಪಾಯ

ಇಂತಹ ಅನುಭವಗಳ ಮುಂದುವರಿಕೆಯಾಗಿ 1990ರ ದಶಕದಲ್ಲಿ ಜನತಾ ಜೀವವೈವಿಧ್ಯ ದಾಖಲೆಯ ಕಲ್ಪನೆ ರೂಪುಗೊಂಡಿತು. ಒಂದು ಊರಿನ ಸಸ್ಯ, ಪ್ರಾಣಿ, ಬೆಳೆ, ಜಲಮೂಲಗಳ ವಿವರವನ್ನೂ ಅವುಗಳನ್ನು ಕುರಿತ ಜನರ ತಿಳಿವಳಿಕೆಯನ್ನೂ ಊರಿನವರೇ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ನೆರವಿನಿಂದ ಬರೆದಿಡುವ ಪ್ರಯತ್ನವಿದು. ಕಾರ್ಕಳ ತಾಲ್ಲೂಕಿನ ಮಾಳ ಗ್ರಾಮವು ಕರ್ನಾಟಕದಲ್ಲಿ ಇಂತಹ ದಾಖಲೆ ಸಿದ್ಧವಾದ ಊರುಗಳಲ್ಲಿ ಒಂದು. ನಾಟಿವೈದ್ಯರು, ಮೀನುಗಾರರು, ಕೃಷಿಕರು ಇಲ್ಲಿ ಮಾಹಿತಿಯ ಆಕರಗಳಷ್ಟೇ ಅಲ್ಲ, ದಾಖಲೆಯ ಕರ್ತೃಗಳೂ ಹೌದು.

2002ರ ಜೀವವೈವಿಧ್ಯ ಕಾಯಿದೆ ಮತ್ತು ಅದರಡಿಯ 2004ರ ನಿಯಮಗಳು ಈ ದಾಖಲೆಯನ್ನು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಮುಖ್ಯ ಕರ್ತವ್ಯವನ್ನಾಗಿಸಿದವು. ಅನಂತರ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರಲ್ಲಿ ಆದೇಶ ನೀಡಿ, 2020ರ ಜನವರಿ 31ರೊಳಗೆ ಎಲ್ಲೆಡೆಯೂ ದಾಖಲೆಗಳು ಪೂರ್ಣಗೊಳ್ಳಬೇಕೆಂದೂ ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದೂ ವಿಧಿಸಿತು. ನೆನೆಗುದಿಗೆ ಬಿದ್ದಿದ್ದ ಕಾರ್ಯಕ್ಕೆ ಇದರಿಂದ ವೇಗ ಬಂದುದು ನಿಜ. ಆದರೆ ಗಡುವಿಗಾಗಿ ತುಂಬಿದ ನಮೂನೆಯು ಸಂವಾದದ ಸ್ಥಾನವನ್ನು ಆಕ್ರಮಿಸುವ ಅಪಾಯವೂ ಇಲ್ಲಿದೆ. ಪಕ್ಕದ ಊರಿನ ಪಟ್ಟಿಯನ್ನೇ ನಕಲು ಮಾಡಿದರೆ ನಮೂನೆ ತುಂಬುತ್ತದೆ. ಬಿದಿರಿನ ಮುಳ್ಳಿನಂತಹ ಮಾತು ಅಲ್ಲಿ ದಾಖಲಾಗುವುದಿಲ್ಲ. ಇನ್ನೊಂದು ಅಪಾಯವು ಬೇರೆ ರೀತಿಯದು. ಔಷಧೀಯ ಸಸ್ಯವೊಂದರ ಬಳಕೆಯನ್ನು ತಿಳಿಸಿದವನ ಒಪ್ಪಿಗೆಯಿಲ್ಲದೆ ಅದನ್ನು ಪ್ರಕಟಿಸಿದರೆ ಆ ತಿಳಿವಳಿಕೆಯ ಲಾಭವು ಅನ್ಯರ ಪಾಲಾಗಬಹುದು. ಕೇಳುವ ಸಂಶೋಧಕನಿಗೆ ಹೇಳುವ ಸಂಶೋಧಕನಿಗಿಂತ ಹೆಚ್ಚಿನ ಹೊಣೆಯಿದೆ.

ಅನುಸರಿಸಬಹುದಾದ ಕ್ರಮ

ಈ ನಿದರ್ಶನಗಳಿಂದ ಕೆಲವು ತತ್ತ್ವಗಳನ್ನು ನಿಷ್ಕರ್ಷಿಸಬಹುದು. ಮೊದಲನೆಯದಾಗಿ, ಜನಸಂಪರ್ಕವು ಸಂಶೋಧನೆಯ ಕೊನೆಯ ಅಧ್ಯಾಯವಾಗದೆ ಪ್ರಶ್ನೆಯನ್ನು ರೂಪಿಸುವ ಹಂತದಲ್ಲಿಯೇ ಆರಂಭವಾಗಬೇಕು. ಎರಡನೆಯದಾಗಿ, ಜನರ ಹೇಳಿಕೆಗೂ ಪುಸ್ತಕದ ಹೇಳಿಕೆಗೂ ಪರೀಕ್ಷೆಯ ಮಾನದಂಡ ಒಂದೇ ಆಗಿರಬೇಕು; ಜನರ ಮಾತು ತಪ್ಪೆಂದು ಕಂಡಾಗ ಅದನ್ನು ಕಾರಣಸಹಿತ ಅವರಿಗೇ ತಿಳಿಸುವುದೂ ಗೌರವದ ಒಂದು ರೂಪ. ಮೂರನೆಯದಾಗಿ, ಸಂಶೋಧನೆಯ ಫಲಿತಾಂಶವು ಅದು ನಡೆದ ಊರಿಗೆ, ಆ ಊರಿನ ಭಾಷೆಯಲ್ಲಿ ಹಿಂದಿರುಗಬೇಕು. ಇಂಗ್ಲಿಷ್ ನಿಯತಕಾಲಿಕದಲ್ಲಿ ಪ್ರಕಟವಾದ ಪ್ರಬಂಧದ ಜೊತೆಗೆ ನಾಲ್ಕು ಪುಟಗಳ ಕನ್ನಡ ವರದಿಯೊಂದು ಗ್ರಾಮ ಪಂಚಾಯಿತಿಯ ಕಚೇರಿಗೂ ಶಾಲೆಯ ಗ್ರಂಥಾಲಯಕ್ಕೂ ತಲಪುವುದು ಕಷ್ಟಸಾಧ್ಯವೇನಲ್ಲ. ನಾಲ್ಕನೆಯದಾಗಿ, ಅಧ್ಯಾಪಕರ ಮೌಲ್ಯಮಾಪನದಲ್ಲಿ ಇಂತಹ ವರದಿಗೂ ಕ್ಷೇತ್ರದಲ್ಲಿ ಕಳೆದ ಕಾಲಕ್ಕೂ ಲೆಕ್ಕ ಸಿಗಬೇಕು. ಇಲ್ಲವಾದರೆ ವಿಸ್ತರಣೆಯು ಕೆಲವರ ವೈಯಕ್ತಿಕ ಉತ್ಸಾಹವಾಗಿಯೇ ಉಳಿದು, ಅವರ ನಿವೃತ್ತಿಯೊಡನೆ ಮುಗಿದುಹೋಗುತ್ತದೆ.

ಬೆಳ್ಳಾವೆಯವರ ಕಾಲದಲ್ಲಿ ವಿಜ್ಞಾನವನ್ನು ಹೇಳಲು ಕನ್ನಡಕ್ಕೆ ಪದಗಳು ಬೇಕಾಗಿದ್ದವು. ಆ ಕಾರ್ಯ ಬಹುಮಟ್ಟಿಗೆ ಸಾಧಿತವಾಗಿದೆ. ಕನ್ನಡದಲ್ಲಿ ಬದುಕುವವರ ತಿಳಿವಳಿಕೆಗೆ ಸಂಶೋಧನೆಯ ಆರಂಭದಲ್ಲಿಯೇ ಎಡೆ ದೊರಕಿಸುವ ಕಾರ್ಯ ಇನ್ನೂ ಬಾಕಿಯಿದೆ.